ಟೀಚರ್, ಈಗ ಹಾಕ್ಲಾ?

ನಮ್ಮೂರ ಚರ್ಚಿನ ಫೇಸ್‌ಬುಕ್ ಪೇಜ್ ನನ್ನ ತಲೆಗೆ ಬಂದಿದ್ದು ನಾನು ರಿಟೈರ್ಡ್ ಟೀಚರ್ ಅನ್ನೋ ಒಂದೇ ಕಾರಣಕ್ಕೆ. "ಮಕ್ಕಳನ್ನ ಸಂಭಾಳಿಸಿ ಗೊತ್ತಲ್ವಾ, ನೀವೇ ನೋಡ್ಕೊಳ್ಳಿ" ಅಂದರು ಫಾದರ್. ಮಕ್ಕಳು ಅಂದರೆ ನಾಲ್ಕು ಜನ ವಾಲಂಟಿಯರ್‌ಗಳು. ಇಬ್ಬರು ಕಾಲೇಜಿನವರು, ಒಬ್ಬಳು ನರ್ಸಿಂಗ್ ಓದುವವಳು, ಒಬ್ಬ ಮೊಬೈಲ್ ಅಂಗಡಿಯ ಹುಡುಗ.

ಹೋದ ಮೇಲೆ ಗೊತ್ತಾಯಿತು, ಪೇಜಿಗೆ ಅಡ್ಮಿನ್ ಇರೋದು ಒಬ್ಬನೇ, ಅವನೂ ದುಬೈಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಚರ್ಚ್ ಮುಚ್ಚಿದಾಗ ಪೂಜೆ ಲೈವ್ ಹಾಕೋಕೆ ಅಂತ ಪೇಜ್ ಶುರು ಮಾಡಿದವನು. ಪೇಜಿಗೆ ಅಂತ ಬೇರೆ ಪಾಸ್‌ವರ್ಡ್ ಇರಲ್ಲ, ಯಾರಾದರೊಬ್ಬರ ಸ್ವಂತ ಅಕೌಂಟಿನಿಂದಲೇ ನಡೆಯಬೇಕು. ಅವನಿಗೆ ತನ್ನ ಹಳೇ ಅಕೌಂಟೇ ತೆರೆಯುತ್ತಿರಲಿಲ್ಲ. ಓಟಿಪಿ ಬರುವುದು ಊರಿನ ಸಿಮ್‌ಗೆ. ಆ ಸಿಮ್ ಅವನ ಅಮ್ಮನ ಕೀಪ್ಯಾಡ್ ಫೋನಿನಲ್ಲಿ! ಅವರ ಮನೆಗೇ ಹೋದೆ. ಅವರು ಅಡಿಕೆ ಒಣಹಾಕುವುದನ್ನು ಬಿಟ್ಟು ಬಂದು, ಕನ್ನಡಕ ಹುಡುಕಿ, ಕೊಂಕಣಿಯಲ್ಲಿ ಒಂದೊಂದೇ ಅಂಕೆ ಓದಿದರು. ನಾನು ನನ್ನ ಫೋನಿನಲ್ಲಿ ದುಬೈಗೆ ಹೇಳಿದೆ. ಎರಡು ಸಲ ತಪ್ಪಿ, ಮೂರನೇ ಸಲ ಸರಿಯಾಯಿತು. ಈಗ ಮೂವರು ಅಡ್ಮಿನ್, ಅದರಲ್ಲಿ ಫಾದರ್ ಒಬ್ಬರು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಮಕ್ಕಳು ಹೂವಿನ ಬುಟ್ಟಿ ಹಿಡಿದು ನಿಂತ ಫೋಟೋಗಳಿಗೆ ಲೈಕ್ ಬರುತ್ತದೆ, ನಿಜ. ಆದರೆ ಜನ ಜಾಸ್ತಿ ನೋಡುವುದು ಸಾವಿನ ಸುದ್ದಿ. ಅರ್ಧ ಊರು ಗಲ್ಫಿನಲ್ಲಿದೆ. ಇಲ್ಲಿ ಸಂಜೆ ನಾಲ್ಕಕ್ಕೆ ಅಂತ್ಯಕ್ರಿಯೆ ಅಂದರೆ ಕುವೈತ್‌ನಲ್ಲಿ ಒಂದೂವರೆ, ಊಟದ ಹೊತ್ತು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಲೈವ್ ನೋಡುವವರಿದ್ದಾರೆ.

ಎಡವಿದ್ದೂ ಅಲ್ಲೇ. ಅಂಗಡಿಯ ಹುಡುಗ ಬಹಳ ಚುರುಕು. ಕಳೆದ ಮಳೆಗಾಲದಲ್ಲಿ ಒಬ್ಬ ಹಿರಿಯರು ತೀರಿಹೋದಾಗ ಹತ್ತೇ ನಿಮಿಷದಲ್ಲಿ ಫೋಟೋ, ಹೂವಿನ ಚೌಕಟ್ಟು, ಶಿಲುಬೆ ಎಲ್ಲ ಜೋಡಿಸಿ ಪೋಸ್ಟ್ ಹಾಕಿದ. ನಾನೂ "ಒಳ್ಳೇದಾಯ್ತು ಮಗಾ" ಅಂದೆ. ಸ್ವಲ್ಪ ಹೊತ್ತಿಗೆ ಕುವೈತ್‌ನಿಂದ ಫೋನ್. ಅವರ ಮಗಳು, ಐದನೇ ಕ್ಲಾಸಲ್ಲಿ ನನ್ನ ಹತ್ತಿರ ಕಲಿತವಳು. "ಟೀಚರ್, ಪಪ್ಪ ಹೋದ್ರಾ? ಅಣ್ಣ ಇನ್ನೂ ಫೋನ್ ಮಾಡಿಲ್ಲ, ಪೇಜಲ್ಲಿ ನೋಡಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗನಿಗೆ ನಾನೂ ಏನೂ ಅನ್ನಲಿಲ್ಲ. ಸಂಬಳ ಇಲ್ಲದೆ, ಅಂಗಡಿ ಬಿಟ್ಟು ಬಂದು ಮಾಡುವವನು. ಬೇಗ ಹಾಕು ಅಂತ ಕಲಿಸಿದವಳು ನಾನೇ ಅಲ್ವಾ? ಈಗ ಚರ್ಚಿನ ಆಯಾ ವಾರ್ಡಿನ ಮುಖ್ಯಸ್ಥರು, ಅಂದರೆ ಗುರಿಕಾರರು, ಮನೆಯವರನ್ನು ಕೇಳಿ, "ಎಲ್ಲರಿಗೂ ತಿಳಿಸಿಯಾಯ್ತು" ಅಂದ ಮೇಲೆಯೇ ಪೋಸ್ಟ್. ಮೊನ್ನೆ ಒಬ್ಬರ ಮಗ ವಿಮಾನದಲ್ಲಿದ್ದ. ಹುಡುಗ ಎಲ್ಲ ರೆಡಿ ಮಾಡಿಕೊಂಡು ಮೂರು ಗಂಟೆ ಕಾದ. ನಡುನಡುವೆ ನನಗೆ ಮೆಸೇಜ್: "ಟೀಚರ್, ಈಗ ಹಾಕ್ಲಾ?"