ತೋಟಾ ಪೆಟ್ಟಿಗೆಯಲ್ಲಿ ನಾನು ಮೊದಲು ನೋಡುವುದು ಗುಂಡನ್ನು

ಜಿಂಕೆ ಬೇಟೆಯ ಸೀಸನ್ ಹತ್ತಿರ ಬಂತು ಅಂದರೆ, ಹೊಸದಾಗಿ ಲೈಸೆನ್ಸ್ ತೆಗೆದುಕೊಂಡ ಗೆಳೆಯರು ನನಗೆ ಫೋನ್ ಮಾಡುತ್ತಾರೆ. "ಯಾವ ತೋಟಾ ತಗೊಳ್ಳಲಿ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ನಾನು ತಿರುಗಿ ಕೇಳುತ್ತೇನೆ: "ನಿನ್ನ ರೈಫಲಿನ ನಳಿಗೆ ಮೇಲೆ ಏನು ಕೊರೆದಿದೆ, ಓದಿ ಹೇಳು."

ಅಲ್ಲಿ ಏನಿದೆಯೋ ಅದೇ ತೋಟಾ ಬೇಕು. ಹತ್ತಿರದ ಹೆಸರಿನದ್ದು ನಡೆಯುವುದಿಲ್ಲ. .270 ವಿಂಚೆಸ್ಟರ್ ಬೇರೆ, .270 ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್ ಬೇರೆ. ಹೆಸರಿನಲ್ಲಿ ಸಂಖ್ಯೆ ಒಂದೇ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ. ಇಷ್ಟು ಖಚಿತವಾದ ಮೇಲೆ ಉಳಿಯುವುದು ನಿಜವಾದ ಆಯ್ಕೆ, ಅಂದರೆ ತೋಟಾದ ತುದಿಯಲ್ಲಿ ಕೂತಿರುವ ಗುಂಡು.

ಇದನ್ನು ನಾನು ಕಲಿತದ್ದು ಒಂದು ಜಿಂಕೆಗೆ ನೋವು ಕೊಟ್ಟು. ಆಗ ಬೇಟೆ ಶುರು ಮಾಡಿ ಎರಡೇ ವರ್ಷ. ಕೈಯಲ್ಲಿ .308 ವಿಂಚೆಸ್ಟರ್ ಇತ್ತು. ಪೆಟ್ಟಿಗೆ ಮೇಲೆ ಬರೆದ ವೇಗ ನೋಡಿ ಮರುಳಾಗಿದ್ದೆ. 110 ಗ್ರೇನ್ (ಸುಮಾರು ಏಳು ಗ್ರಾಂ) ತೂಕದ ಹಗುರ ಗುಂಡು, ಸೆಕೆಂಡಿಗೆ 3000 ಅಡಿಗಿಂತ ಜಾಸ್ತಿ ವೇಗ. ವೇಗ ಇದ್ದರೆ ಸಾಕು, ಬಿದ್ದೇ ಬೀಳುತ್ತದೆ ಅಂದುಕೊಂಡಿದ್ದೆ. ಸಂಜೆ ಹೊತ್ತು, 60 ಗಜ ದೂರದಲ್ಲಿ ಒಂದು ಜಿಂಕೆ ಓರೆಯಾಗಿ ನಿಂತಿತ್ತು. ಗುಂಡು ಭುಜದ ಮೂಳೆಗೆ ತಾಗಿತು. ಜಿಂಕೆ ಮುಗ್ಗರಿಸಿತು, ಮತ್ತೆ ಎದ್ದು ಪೊದೆ ಸೇರಿತು.

ಕತ್ತಲಾಗುವವರೆಗೆ ಹುಡುಕಿದೆವು. ಆಮೇಲೆ ಟಾರ್ಚ್ ಹಿಡಿದು ಹುಡುಕಿದೆವು. ರಕ್ತದ ಹನಿ ಅಲ್ಲೊಂದು ಇಲ್ಲೊಂದು, ಅಷ್ಟೆ. ಸಿಕ್ಕಿದ್ದು ಮಾರನೇ ದಿನ ಬೆಳಿಗ್ಗೆ, ಇನ್ನೂ ಉಸಿರಾಡುತ್ತಿತ್ತು. ಎರಡನೇ ಈಡು ಹೊಡೆದು ಮುಗಿಸಿದೆ. ಸುಲಿದು ನೋಡಿದಾಗ ಮೊದಲ ಗುಂಡು ಮೂಳೆಯ ಮೇಲೆಯೇ ಪುಡಿಯಾಗಿತ್ತು. ಎದೆಯ ಒಳಗೆ ಹೋಗಿಯೇ ಇರಲಿಲ್ಲ. ಜೊತೆಗಿದ್ದ ಹಿರಿಯರು ಅದನ್ನು ಬೆರಳಲ್ಲಿ ಸವರಿ, "ಇದು ನರಿ ಹೊಡೆಯೋ ಗುಂಡು ಕಣೋ. ಜಿಂಕೆಗೆ ಯಾಕೆ ತಂದೆ?" ಅಂದರು. ಬೈಯಲಿಲ್ಲ. ಆ ರಾತ್ರಿಯನ್ನು ಆ ಪ್ರಾಣಿ ಹೇಗೆ ಕಳೆಯಿತೋ ಅಂತ ನನಗೆ ಇಂದಿಗೂ ನೆನಪಾಗುತ್ತದೆ.

ಗುಂಡು ಕೆಲಸ ಮಾಡುವ ಬಗೆ ಹೀಗೆ. ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ಹೊದಿಕೆ. ಮೂತಿಯಲ್ಲಿ ಸೀಸ ಬಿಟ್ಟಿದ್ದರೆ ಅದು ಸಾಫ್ಟ್ ಪಾಯಿಂಟ್. ಮಾಂಸಕ್ಕೆ ತಾಗಿದ ಕೂಡಲೇ ಮೂತಿ ಅಣಬೆಯಂತೆ ಅರಳಿ ಅಗಲವಾಗುತ್ತದೆ. ಅರಳಬೇಕು, ಆದರೆ ಚೂರುಚೂರಾಗಬಾರದು. ಅರಳಿಕೊಂಡೇ ಶ್ವಾಸಕೋಶ ದಾಟಿ ಆಚೆ ಪಕ್ಕೆಯಿಂದ ಹೊರಗೆ ಬಂದರೆ ಇನ್ನೂ ಒಳ್ಳೆಯದು. ಎರಡು ತೂತು ಇದ್ದರೆ ರಕ್ತದ ಜಾಡು ಚೆನ್ನಾಗಿ ಸಿಗುತ್ತದೆ. ನರಿಯಂಥ ಸಣ್ಣ ಪ್ರಾಣಿಗೆ ಮಾಡಿದ ಗುಂಡಿನ ಹೊದಿಕೆ ತೆಳು. ತಾಗಿದ ಕೂಡಲೇ ಸಿಡಿಯಲಿ ಅಂತಲೇ ಅದನ್ನು ಮಾಡಿರುತ್ತಾರೆ. ಮಿಲಿಟರಿಯ ಫುಲ್ ಮೆಟಲ್ ಜಾಕೆಟ್, ಅಂದರೆ ಮೂತಿಗೂ ಹೊದಿಕೆ ಇರುವ ಗುಂಡು, ಇದಕ್ಕೆ ತದ್ವಿರುದ್ಧ. ಅದು ಅರಳುವುದೇ ಇಲ್ಲ, ಸಣ್ಣ ತೂತು ಮಾಡಿಕೊಂಡು ಹೊರಟುಹೋಗುತ್ತದೆ. ಎಷ್ಟೋ ಕಡೆ ಜಿಂಕೆಗೆ ಅದನ್ನು ಬಳಸುವುದು ಕಾನೂನುಬಾಹಿರ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ, ಮೂತಿ ಮೆತ್ತಗಿರುವ ಅಥವಾ ಟೊಳ್ಳಾಗಿರುವ ಗುಂಡನ್ನೇ ಬಳಸಬೇಕು ಅನ್ನುತ್ತದೆ.

ನನಗೆ ಆದದ್ದು ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್‌ಗೂ ಆಗಿತ್ತು ಅಂತ ಆಮೇಲೆ ಓದಿದೆ. 1946ರಲ್ಲಿ ಅವರು ಕೆನಡಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಮೂಸ್ ಅಂದರೆ ಕುದುರೆಗಿಂತ ಎತ್ತರದ ಭಾರಿ ಜಿಂಕೆ. ಅದರ ಮೈಗೆಲ್ಲ ಕೆಸರು ಮೆತ್ತಿತ್ತು. ಹೊಡೆದ ಗುಂಡುಗಳು ಆಳಕ್ಕೆ ಇಳಿಯಲೇ ಇಲ್ಲ. ಅವರು ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ನಿಂತು ಒಳಗೆ ನುಗ್ಗುತ್ತದೆ. 1948ರಲ್ಲಿ ಅದು ಪಾರ್ಟಿಶನ್ ಅನ್ನುವ ಹೆಸರಲ್ಲಿ ಮಾರಾಟಕ್ಕೆ ಬಂತು. ಇಂದಿಗೂ ಫ್ಯಾಕ್ಟರಿ ತೋಟಾದಲ್ಲಿ ಸಿಗುತ್ತದೆ. ಒಂದು ಕೆಟ್ಟ ದಿನವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಮನುಷ್ಯನ ಮೇಲೆ ನನಗೆ ತುಂಬಾ ಗೌರವ.

ಹಾಗಂತ ಎಲ್ಲರೂ ದುಬಾರಿ ಗುಂಡನ್ನೇ ಕೊಳ್ಳಬೇಕಿಲ್ಲ. ಜಿಂಕೆಯ ಚರ್ಮ ಹುಲಿಯದ್ದಲ್ಲ, ಆನೆಯದ್ದಂತೂ ಅಲ್ಲವೇ ಅಲ್ಲ. 1939ರಿಂದ ಬರುತ್ತಿರುವ ಕೋರ್-ಲಾಕ್ಟ್‌ನಂಥ ಸರಳ ಸಾಫ್ಟ್ ಪಾಯಿಂಟ್ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ತೂಕದ ವಿಷಯದಲ್ಲಿ ನಾನು ನಡುವಿನದ್ದನ್ನು ಹಿಡಿಯುತ್ತೇನೆ. .243ಗೆ 100 ಗ್ರೇನ್, .270ಗೆ 130, .308ಗೆ 150 ಅಥವಾ 165. 150 ಗ್ರೇನ್ ಅಂದರೆ ಹತ್ತು ಗ್ರಾಮಿಗೂ ಸ್ವಲ್ಪ ಕಡಿಮೆ. ಅಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟೆಲ್ಲ ನಿಂತಿದೆ, ಅಲ್ವಾ?

ಪೆಟ್ಟಿಗೆ ಮೇಲಿನ ವೇಗವನ್ನು ನಾನೀಗ ಸುಮ್ನೆ ನಂಬುವುದಿಲ್ಲ. ಅದನ್ನು ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ ಅಳೆದಿರುತ್ತಾರೆ. ನನ್ನದು 20 ಇಂಚು. ಕಡಿಮೆಯಾದ ಪ್ರತಿ ಇಂಚಿಗೂ ಸುಮಾರು 20-25 ಅಡಿ ವೇಗ ಕಳೆಯುತ್ತೇನೆ. 150 ಗಜದೊಳಗೆ ಹೊಡೆಯುವ ನನಗೆ ಅದರಿಂದ ತೊಂದರೆಯೇನಿಲ್ಲ.

ನಾಲ್ಕು ವರ್ಷದ ಹಿಂದೆ ನಾನು ಪೂರ್ತಿ ತಾಮ್ರದ ಗುಂಡಿಗೆ ಬದಲಾಯಿಸಿದೆ. ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಎಕ್ಸ್-ರೇ ತೆಗೆದರೆ ಗಾಯದ ಸುತ್ತ ಚುಕ್ಕಿ ಚುಕ್ಕಿ ಕಾಣುತ್ತವೆ. ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳಿಗೂ ಅದು ವಿಷ. ಕಾಂಡೋರ್ ಹದ್ದುಗಳು ಸೀಸದಿಂದ ಸಾಯುತ್ತಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಚಿಂತೆಯಾಗಿತ್ತು. 2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ನಾನು ತರುವ ಮಾಂಸವನ್ನು ನನ್ನ ಮಕ್ಕಳೂ ತಿನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ನನಗೆ ಬೇಕಾಗಲಿಲ್ಲ.

ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಮತ್ತು ಅರಳಲು ವೇಗ ಚೆನ್ನಾಗಿರಬೇಕು. ಅದಕ್ಕೆ ಒಂದು ಮೆಟ್ಟಿಲು ಕೆಳಗಿಳಿದು 130 ಗ್ರೇನ್ ತೆಗೆದುಕೊಂಡೆ. ತೂಕ ಕಡಿಮೆಯಾದರೂ ಇದು ಚೂರಾಗುವುದಿಲ್ಲ, ಹಾಗಾಗಿ ನನ್ನ ಹಳೇ 110ರ ಭಯ ಇಲ್ಲಿಲ್ಲ. ಆದರೆ ಹಳೇ ಸಾಫ್ಟ್ ಪಾಯಿಂಟ್ ತಾಗುತ್ತಿದ್ದ ಜಾಗಕ್ಕಿಂತ ಇದು 100 ಗಜದಲ್ಲಿ ಮೂರು ಇಂಚು ಬೇರೆ ಕಡೆ ತಾಗಿತು. ತೋಟಾ ಬದಲಾಯಿಸಿದರೆ ಸ್ಕೋಪನ್ನು ಮತ್ತೆ ಹೊಂದಿಸಲೇಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಪ್ರತಿ ರೈಫಲಿಗೂ ಅದರದ್ದೇ ಇಷ್ಟ ಇರುತ್ತದೆ. ಅದಕ್ಕೆ ಮೂರು ಬಗೆಯ ತೋಟಾ ತಲಾ ಒಂದು ಪೆಟ್ಟಿಗೆ ಕೊಳ್ಳಿ. ಪೆಟ್ಟಿಗೆಗೆ 20 ತೋಟಾ ಇರುತ್ತವೆ. 100 ಗಜದಲ್ಲಿ ಮೂರು ಈಡು ಹೊಡೆಯಿರಿ, ನಳಿಗೆ ಪೂರ್ತಿ ತಣ್ಣಗಾಗಲಿ, ಮತ್ತೆ ಮೂರು. ಅವಸರ ಬೇಡ. ಜಿಂಕೆಯ ಎದೆಯಲ್ಲಿ ಗುರಿ ಇಡುವ ಜಾಗ ಸುಮಾರು ಎಂಟು ಇಂಚು ಅಗಲ. ತೂತುಗಳೆಲ್ಲ ಒಂದೂವರೆ ಇಂಚಿನೊಳಗೆ ಬಿದ್ದರೆ ಧಾರಾಳವಾಯಿತು. ಅರ್ಧ ಇಂಚಿಗಾಗಿ ತಲೆ ಕೆಡಿಸಿಕೊಂಡು ತಿಂಗಳು ಕಳೆಯುವವರನ್ನು ನೋಡಿದ್ದೇನೆ. ಆ ಸಮಯದಲ್ಲಿ ಮೊಣಕಾಲೂರಿ ಕೂತು ಹೊಡೆಯುವುದನ್ನು ಅಭ್ಯಾಸ ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು. ತಣ್ಣಗಿನ ನಳಿಗೆಯಿಂದ ಹೊರಟ ಮೊದಲ ಗುಂಡು ಎಲ್ಲಿ ತಾಗಿತು ಅನ್ನುವುದನ್ನು ಬೇರೆಯಾಗಿ ಗುರುತು ಹಾಕಿ. ಬೇಟೆಯಲ್ಲಿ ನಿಮಗೆ ಸಿಗುವುದು ಅದೊಂದೇ.

ಹಿಡಿಸಿದ ತೋಟಾ ಸಿಕ್ಕಿದ ಮೇಲೆ ಪೆಟ್ಟಿಗೆಯಲ್ಲಿ ಅಚ್ಚಾದ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ತೋಟಾಗಳಿಗೆ ಕೊಡುವ ನಂಬರ್) ನೋಡಿ, ಅದೇ ನಂಬರಿನ ಐದಾರು ಪೆಟ್ಟಿಗೆ ಒಟ್ಟಿಗೆ ತೆಗೆದಿಡುತ್ತೇನೆ. ಲಾಟ್ ಬದಲಾದರೆ ಗುಂಡು ತಾಗುವ ಜಾಗವೂ ಸ್ವಲ್ಪ ಬದಲಾಗಬಹುದು. ಒಂದು ನೋಟ್‌ಬುಕ್ಕಿನಲ್ಲಿ ಲಾಟ್ ನಂಬರ್, ದೂರ, ಗುಂಡು ಹೊಕ್ಕ ಜಾಗ, ಹೊರಬಂದ ಜಾಗ, ಜಿಂಕೆ ಎಷ್ಟು ದೂರ ಓಡಿತು ಎಲ್ಲ ಬರೆದಿಡುತ್ತೇನೆ. ಮೊದಲ ಪುಟದಲ್ಲಿ ಆ 110 ಗ್ರೇನಿನ ರಾತ್ರಿ ಇದೆ. ಕೊನೆಯ ಬರಹ ಕಳೆದ ಸೀಸನ್ನಿನದ್ದು: 90 ಗಜ, ಭುಜದ ಹಿಂದೆ, ಎರಡೂ ಕಡೆ ತೂತು, 25 ಹೆಜ್ಜೆ.