ಎಳೆ ಎಣಿಸುವ ಎಡಗೈ

ಮೂವತ್ತೊಂದು ವರ್ಷ ಬಾಗಲಕೋಟೆ ಸೀಮೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ರಜೆ ಬಂತೆಂದರೆ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯೇ ಮನೆ. ಭೂತನಾಥ ಗುಡಿಯ ಹಿಂದಿನ ಕೆಂಪು ಬಂಡೆಯ ಮೇಲೆ ಸಂಜೆ ಬಿಸಿಲು ಜಾರುವುದರೊಳಗೆ ಅದನ್ನು ಜಲವರ್ಣದಲ್ಲಿ ಹಿಡಿಯಬೇಕು, ಅಷ್ಟೇ ಹಟ.

ವಿಯೆನ್ನಾದಲ್ಲಿ ಮಗಳ ಮನೆಗೆ ಬಂದ ಮೇಲೆ ಲಕ್ವಾ ಹೊಡೆಯಿತು. ಮಾತು ತಿರುಗಿ ಬಂತು, ಕಾಲು ಬಂತು. ಬಲಗೈ ಬರಲಿಲ್ಲ. ಎಡಗೈಗೆ ಕುಂಚ ಕೊಟ್ಟರೆ ಗೆರೆ ನಡುಗುತ್ತಿತ್ತು. ಎಂಟು ತಿಂಗಳು ಬಣ್ಣದ ಡಬ್ಬಿ ತೆರೆಯಲೇ ಇಲ್ಲ.

ಒಂದು ಭಾನುವಾರ ಮಗಳು ಇಲ್ಲಿನ ಕಲಾ ಇತಿಹಾಸ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಅಲ್ಲಿ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಭಾವಚಿತ್ರವಿದೆ. ಹಾನ್ಸ್ ಹೋಲ್ಬೈನ್ 1536ರ ಸುಮಾರಿಗೆ ಬರೆದದ್ದು. ನನ್ನ ಕಣ್ಣು ಮುಖ ಬಿಟ್ಟು ಮುಂಗೈಗೆ ಇಳಿಯಿತು. ತೋಳಿನ ತುದಿಯ ಬಿಳಿ ಬಟ್ಟೆಯ ಮೇಲೆ ಕರಿ ನೂಲಿನ ಕೆಲಸ. ಅವ್ವನ ಗವಂತಿ!

ಗವಂತಿ ಅಂದರೆ ನಮ್ಮ ಕಸೂತಿಯ ಒಂದು ಹೊಲಿಗೆ. ಅದರಲ್ಲಿ ಸೂಜಿ ಹೋಗುವಾಗ ಬಟ್ಟೆಯ ಎಳೆ ಎಣಿಸಿ ಒಂದು ಮನೆ ಬಿಟ್ಟು ಒಂದು ಮನೆ ಹೋಗುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಬರುತ್ತದೆ. ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ತಾರ. ಯುರೋಪಿನಲ್ಲಿ ಇದಕ್ಕೆ ಹೋಲ್ಬೈನ್ ಹೊಲಿಗೆ ಎಂದೇ ಹೆಸರು. ಅವನು ಹೊಲಿದವನಲ್ಲ, ಎಳೆ ಎಳೆಯಾಗಿ ಬರೆದವನು. ಅವನ ಚಿತ್ರಗಳನ್ನು ಮಕ್ಕಳಿಗೆ ತೋರಿಸುತ್ತಾ ಬಂದ ನನಗೆ ಆ ಹೊಲಿಗೆ ನಮ್ಮ ಮನೆಯ ಕಟ್ಟೆಯ ಮೇಲೇ ಇತ್ತೆಂದು ಹೊಳೆದಿರಲಿಲ್ಲ. ಅವ್ವ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಏಳಿಸುತ್ತಿದ್ದಳು. ಪೆನ್ಸಿಲ್ ಗುರುತಿಲ್ಲ, ಬರೀ ಎಣಿಕೆ.

ಮರುದಿನವೇ ಇಂಚಿಗೆ 14 ಚೌಕಳಿ ಇರುವ ಐಡಾ ಬಟ್ಟೆ ತರಿಸಿದೆ. ರಿಂಗನ್ನು ಮೇಜಿಗೆ ಬಿಗಿದೆವು. ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಹೆಂಡತಿ. ಕಾಗದದ ಮೇಲೆ ಗೆರೆಯ ಭಾರವೆಲ್ಲ ಕೈ ಮೇಲೆ ಬೀಳುತ್ತಿತ್ತು. ಬಟ್ಟೆಯಲ್ಲಿ ಹಾಗಲ್ಲ. ಕೈ ಎಷ್ಟೇ ನಡುಗಲಿ, ಸೂಜಿ ಕೊನೆಗೆ ಇಳಿಯುವುದು ತೂತಿನಲ್ಲೇ. ಗೆರೆ ನೆಟ್ಟಗೆ ನಿಲ್ಲುತ್ತದೆ! ಮೊದಲ ದಿನ ಮೂರು ಬೆರಳಗಲದ ಗೆರೆ ಬಂದಾಗ ನಾನು ಅತ್ತೆ. ಈಗ ಭೂತನಾಥ ಗುಡಿಯನ್ನೇ ಎಳೆ ಲೆಕ್ಕಕ್ಕೆ ಇಳಿಸುತ್ತಿದ್ದೇನೆ. ಶಿಖರದ ಮೆಟ್ಟಿಲು ಗವಂತಿಗೆ ಒಗ್ಗುತ್ತದೆ, ನೀರು ಒಗ್ಗುತ್ತಿಲ್ಲ. ನೀರಿಗೆ ನೇಗಿ, ಅಂದರೆ ನೇಯ್ದಂತೆ ಕಾಣುವ ಕಸೂತಿ ಹೊಲಿಗೆ, ಹಾಕಿ ನೋಡುತ್ತಿದ್ದೇನೆ.

ಗುಳೇದಗುಡ್ಡದಲ್ಲಿರುವ ಅಕ್ಕನಿಗೆ ನಿನ್ನೆ ವಿಡಿಯೋದಲ್ಲಿ ತೋರಿಸಿದೆ. ಲಕ್ವಾ ಆದಾಗಿನಿಂದ ಅವಳು ನನ್ನ ಜೊತೆ ಮೆತ್ತಗೆ, ಸಣ್ಣ ಮಗುವಿನ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದಳು. ನಿನ್ನೆ ಚಶ್ಮಾ ಹಾಕಿಕೊಂಡು, "ಹಿಂದಿನ ಬದಿ ತೋರಸು" ಎಂದಳು. ತಿರುಗಿಸಿದೆ. ಬಹಳ ಹೊತ್ತು ನೋಡಿದಳು.

"ತಮ್ಮಾ, ಮೂರನೇ ಮೆಟ್ಟಲದಾಗ ಒಂದ್ ಎಳಿ ತಪ್ಪೇತಿ. ಬಿಚ್ಚು."

ಇವತ್ತು ಬೆಳಗಿನಿಂದ ಬಿಚ್ಚುತ್ತಾ ಕೂತಿದ್ದೇನೆ.