ಮದ್ದಳೆಯಲ್ಲಿ ಇಲ್ಲದ ಒಂದು ಪೆಟ್ಟು

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನಗೆ ರೆಕಾರ್ಡಿಂಗ್ ಕೆಲಸ ಜಾಸ್ತಿ. ಆರು ತಿಂಗಳು ರಾತ್ರಿ ನಿದ್ದೆಗೆಟ್ಟ ಭಾಗವತರಿಗೆ ಪುರುಸೊತ್ತು ಸಿಗುವುದೇ ಆಗ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಂಚಿನ ಮನೆಯಲ್ಲಿ ಮೊದಲು ಅಡಿಕೆ ತುಂಬಿಡುತ್ತಿದ್ದ ಕೋಣೆಯೇ ನನ್ನ ಸ್ಟುಡಿಯೋ. ಗೋಡೆಗೆ ಕಂಬಳಿ, ಮೂಲೆಗೆ ಹಳೆ ಗೋಣಿ, ಮೇಜಿನ ಮೇಲೆ ಲ್ಯಾಪ್‌ಟಾಪ್ ಮತ್ತು ಎರಡು ಮೈಕ್ ಸಿಕ್ಕಿಸುವ ಸಣ್ಣ ಆಡಿಯೋ ಇಂಟರ್‌ಫೇಸ್. ಹಂಚಿನ ಮೇಲೆ ಮಳೆ ಬಿದ್ದರೆ ಎಲ್ಲ ಬಂದ್. ಎರಡು ಮಳೆಯ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ಪದ್ಯ ಮುಗಿಸಬೇಕು.

ಕಳೆದ ವರ್ಷ ಹಾಗೆಯೇ ಒಬ್ಬರು ಹಿರಿಯ ಭಾಗವತರು ಬಂದಿದ್ದರು, ಜೊತೆಗೆ ಮದ್ದಳೆಯವರು. ಪದ್ಯ ಚೆನ್ನಾಗಿ ಬಂತು. ಭಾಗವತರ ಸ್ವರಕ್ಕೆ ಸ್ವಲ್ಪ ರಿವರ್ಬ್, ಅಂದರೆ ದೊಡ್ಡ ಸಭಾಂಗಣದಲ್ಲಿ ಕೇಳುವಂಥ ಮಾರ್ದನಿ, ಹಾಕಿ ಸ್ಪೀಕರ್‌ನಲ್ಲಿ ಕೇಳಿಸಿದೆ. ನಡುನಡುವೆ ‘ಟಪ್’ ಅಂತ ಒಂದು ಸದ್ದು.

“ಎಂತ ಮಾರಾಯ, ಮದ್ದಳೆಯಲ್ಲಿ ಒಂದು ಪೆಟ್ಟು ಹೆಚ್ಚು ಕೇಳ್ತದಲ್ಲ?” ಅಂದರು ಭಾಗವತರು. ಮದ್ದಳೆಯವರ ಮುಖ ಸಣ್ಣದಾಯಿತು.

ನಾನು ಆಗ ಹೇಳಿದ್ದು, “ಇನ್ನೊಮ್ಮೆ ತೆಗೆಯುವ, ಭಾಗವತರೇ.” ಇದೇ ನಾನು ಮಾಡಿದ ತಪ್ಪು. ಎರಡನೇ ಸಲವೂ ಟಪ್. ಕೇಬಲ್ ಬದಲಿಸಿದೆ, ಮೈಕ್ ಬದಲಿಸಿದೆ, ಮೂರನೇ ಸಲ ಹೇಳಿಸಿದೆ. ಮತ್ತೂ ಟಪ್. ಅಷ್ಟರಲ್ಲಿ ಮಳೆ ಬಂತು, ಅಮ್ಮ ಚಹಾ ತಂದರು. ಚಹಾ ಕುಡಿಯುತ್ತಾ ಸುಮ್ನೆ ಅದೇ ಭಾಗವನ್ನು ಎರಡು ಸಲ ಹಾಕಿ ಕೇಳಿದೆ. ಮೊದಲ ಸಲ ಟಪ್ ಬಂದ ಜಾಗದಲ್ಲಿ ಎರಡನೇ ಸಲ ಇಲ್ಲ! ಬೇರೆ ಕಡೆ ಬಂತು.

ರೆಕಾರ್ಡ್ ಆದ ಸದ್ದು ಹಾಗೆ ಜಾಗ ಬದಲಿಸುವುದಿಲ್ಲ, ಅಲ್ವಾ? ಪದ್ಯವನ್ನು ವೇವ್ ಫೈಲಾಗಿ ರೆಂಡರ್ ಮಾಡಿ, ಅಂದರೆ ಒಂದೇ ಫೈಲಾಗಿ ಉಳಿಸಿ, ಫೋನಿಗೆ ಹಾಕಿ ಇಯರ್‌ಫೋನ್‌ನಲ್ಲಿ ಕೇಳಿದೆ. ಹಾಲಿನಷ್ಟು ಶುದ್ಧ. ಮೂರು ಸಲದ್ದೂ. ಫೈಲಿನಲ್ಲಿ ಏನೂ ಇರಲಿಲ್ಲ, ಕಂಪ್ಯೂಟರ್ ಅದನ್ನು ಕೇಳಿಸುವಾಗ ಮಾತ್ರ ಎಡವುತ್ತಿತ್ತು. ಈ ಐದು ನಿಮಿಷದ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಅರುವತ್ತು ದಾಟಿದವರ ಗಂಟಲಿಗೆ ಅಷ್ಟು ಕೆಲಸ ಕೊಡಬೇಕಾಗಿರಲಿಲ್ಲ.

ಎಡವಿದ್ದು ಯಾಕೆ? ಬಫರ್, ಅಂದರೆ ಸದ್ದನ್ನು ಕೇಳಿಸುವ ಮೊದಲು ಕಂಪ್ಯೂಟರ್ ಸ್ವಲ್ಪ ಸ್ವಲ್ಪವೇ ತುಂಬಿಟ್ಟುಕೊಳ್ಳುವ ಜಾಗ. ಊಟದ ಹಂತಿಯಲ್ಲಿ ಸಾರು ಬಡಿಸುವವನನ್ನು ನೆನೆಸಿಕೊಳ್ಳಿ. ಕೈಯಲ್ಲಿ ಚಿಕ್ಕ ಪಾತ್ರೆ ಇದ್ದರೆ ನಾಲ್ಕು ಎಲೆಗೊಮ್ಮೆ ಅಡುಗೆ ಕೊಟ್ಟಿಗೆಗೆ ಓಡಬೇಕು. ಒಮ್ಮೆ ತಡವಾದರೂ ಎಲೆ ಖಾಲಿ. ಆ ಖಾಲಿಯೇ ಟಪ್: ಏರಿಳಿಯುತ್ತಿದ್ದ ಅಲೆ ನಡುವೆಯೇ ಕಡಿದುಹೋಗುತ್ತದೆ, ಸ್ಪೀಕರ್ ಅದನ್ನು ಪೆಟ್ಟಾಗಿ ಕೇಳಿಸುತ್ತದೆ. ಹಾಡುವವರಿಗೆ ಹೆಡ್‌ಫೋನ್‌ನಲ್ಲಿ ತಮ್ಮದೇ ಸ್ವರ ತಡವಾಗಿ ಕೇಳಬಾರದು ಅಂತ ನಾನು ಬಫರನ್ನು 64 ಸ್ಯಾಂಪಲ್‌ಗೆ ಇಟ್ಟಿದ್ದೆ. ಸ್ಯಾಂಪಲ್ ಅಂದರೆ ಕಂಪ್ಯೂಟರ್ ಸದ್ದಿನಿಂದ ತೆಗೆದ ಒಂದೊಂದು ಅಳತೆ; ಸೆಕೆಂಡಿಗೆ 48000 ಸ್ಯಾಂಪಲ್ ಲೆಕ್ಕದಲ್ಲಿ ಅದು 1.3 ಮಿಲಿಸೆಕೆಂಡ್. ಅಷ್ಟರೊಳಗೆ ರಿವರ್ಬಿನ ಲೆಕ್ಕವೂ ಮುಗಿಯಬೇಕು. ಅದರ ಮೇಲೆ ಅವತ್ತು ಕರೆಂಟ್ ಹೋಗಿತ್ತು. ಆ ಕೋಣೆಗೆ ಇನ್ವರ್ಟರ್ ಲೈನ್ ಇಲ್ಲ. ಬ್ಯಾಟರಿಯಲ್ಲಿದ್ದ ಲ್ಯಾಪ್‌ಟಾಪ್ ಚಾರ್ಜ್ ಉಳಿಸಲು ತಾನಾಗಿಯೇ ನಿಧಾನವಾಗಿತ್ತು. ಬಫರನ್ನು 1024 ಮಾಡಿದೆ, ಅಂದರೆ 21 ಮಿಲಿಸೆಕೆಂಡ್. ಪವರ್ ಮೋಡ್ ಬದಲಿಸಿದೆ. ಟಪ್ ಹೋಯಿತು. ಕೇಳುವಾಗ, ಮಿಕ್ಸ್ ಮಾಡುವಾಗ ಅಷ್ಟು ತಡವಾದರೆ ಯಾರಿಗೂ ನಷ್ಟವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಜಾಣನಾಗಿಬಿಡುತ್ತಿದ್ದೆ. ಮರುದಿನ ಕರೆಂಟ್ ಇತ್ತು, ಬಫರ್ 128 ಇಟ್ಟು ಇನ್ನೊಂದು ಪದ್ಯ ತೆಗೆದೆವು. ಟಪ್ ಕೇಳಿತು. “ಫೈಲಿನಲ್ಲಿ ಇರಲಿಕ್ಕಿಲ್ಲ” ಅಂತ ಧೈರ್ಯದಿಂದ ಹೇಳಿ ರೆಂಡರ್ ಮಾಡಿದರೆ, ಇತ್ತು. ಎಷ್ಟು ಸಲ ಹಾಕಿದರೂ ಅದೇ ಜಾಗದಲ್ಲಿ. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರ ಗೆರೆ. ಮದ್ದಳೆಯ ಪೆಟ್ಟು ಎಷ್ಟು ಗಟ್ಟಿಯಿದ್ದರೂ ಅದಕ್ಕೊಂದು ಬಾಲ ಇರುತ್ತದೆ. ಇದಕ್ಕೆ ಬಾಲವೇ ಇಲ್ಲ. ಅಂದರೆ ಈ ಸಲ ಎಡವಿದ್ದು ರೆಕಾರ್ಡ್ ಆಗುವಾಗಲೇ.

ಈ ಸಲ ಲೇಟೆನ್ಸಿಮಾನ್ ಎಂಬ ಉಚಿತ ಪ್ರೋಗ್ರಾಮನ್ನು ಹತ್ತು ನಿಮಿಷ ಓಡಿಸಿದೆ. ವಿಂಡೋಸ್‌ನಲ್ಲಿ ಯಾವ ಡ್ರೈವರ್ (ಕಂಪ್ಯೂಟರಿನ ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಮ್) ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತಿದೆ ಎಂದು ಅದು ತೋರಿಸುತ್ತದೆ. ಪಟ್ಟಿಯ ಮೇಲೆಯೇ ಎನ್‌ಡಿಐಎಸ್ ಡಾಟ್ ಎಸ್‌ವೈಎಸ್ ಇತ್ತು, ಅಂದರೆ ನೆಟ್‌ವರ್ಕ್. ನಮ್ಮ ಮನೆಯಲ್ಲಿ ವೈಫೈ ಸಿಗ್ನಲ್ ಮೊದಲೇ ಕಮ್ಮಿ, ಆ ಕೋಣೆಗಂತೂ ಕಷ್ಟಪಟ್ಟು ಬರುತ್ತದೆ. ಲ್ಯಾಪ್‌ಟಾಪ್ ಅದನ್ನು ಹುಡುಕುತ್ತಲೇ ಇತ್ತೇನೋ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರನ್ನು ಡಿಸೇಬಲ್ ಮಾಡಿದೆ. ಅಲ್ಲಿಂದ ಟಪ್ ಇಲ್ಲ. ಅವತ್ತಿನ ಪದ್ಯವನ್ನು ಮಾತ್ರ ಪುನಃ ತೆಗೆಯಲೇಬೇಕಾಯಿತು.

ಇನ್ನೊಂದು ಇದೆ, ಅದು ಟಪ್ ಅಲ್ಲ, ಆದರೂ ಹೇಳಿಬಿಡುತ್ತೇನೆ. ಯಾರೋ ಸೆಕೆಂಡಿಗೆ 44100 ಸ್ಯಾಂಪಲ್‌ನಲ್ಲಿ ತೆಗೆದು ಕೊಟ್ಟ ಫೈಲನ್ನು ಇಂಟರ್‌ಫೇಸ್ 48000ದ ಲೆಕ್ಕದಲ್ಲಿ ಓಡಿಸಿದರೆ ಶ್ರುತಿಯೇ ಏರುತ್ತದೆ. ಹಾರ್ಮೋನಿಯಂನ ಕರಿ ಒಂದರ ಶ್ರುತಿಯಲ್ಲಿ ಹೇಳಿದ ಪದ್ಯ ಬಿಳಿ ಎರಡರ ಶ್ರುತಿಯನ್ನೂ ದಾಟಿ ಕೇಳುತ್ತದೆ. ಭಾಗವತರ ಹತ್ತಿರ ಇದನ್ನು ಕೇಳಿಸಿ ನೋಡಬೇಡಿ.

ಈ ವರ್ಷ ಅದೇ ಜೋಡಿ ಮತ್ತೆ ಬಂದಿತ್ತು. ಭಾಗವತರು ಹಳೆಯದನ್ನು ಮರೆತಿದ್ದರು. ಮದ್ದಳೆಯವರು ಮಾತ್ರ ಚೀಲದಿಂದ ಮದ್ದಳೆ ತೆಗೆಯುವ ಮೊದಲು ಲ್ಯಾಪ್‌ಟಾಪ್ ಕಡೆ ಬೆರಳು ತೋರಿಸಿ ಕೇಳಿದರು: “ಅದರ ಇಂಟರ್‌ನೆಟ್ ತೆಗೆದಾಯ್ತಾ?”